ತಮಟೆ ಯಾರದು, ಮಾತು ಯಾರದು?

ಅರಕಲಗೂಡು ಕಡೆಯ ಒಂದು ಮದುವೆ ಮೆರವಣಿಗೆ. ಡಿಜೆ ಪೆಟ್ಟಿಗೆಯಲ್ಲಿ ಚಂದನ್ ಶೆಟ್ಟಿಯವರ '3 ಪೆಗ್'. ನಮ್ಮ ಕೇರಿಯ ತಮಟೆಯವರು ತಮಟೆ ಇಳಿಸಿ ಪಕ್ಕಕ್ಕೆ ನಿಂತಿದ್ದರು. ಅವರಲ್ಲಿ ನಮ್ಮಪ್ಪನೂ ಒಬ್ಬ. ಹಿಂದೆ ಇಂಥದೇ ಬೀದಿಗಳಲ್ಲಿ ರಾತ್ರಿಯೆಲ್ಲ ಬಡಿದದ್ದಕ್ಕೆ ಅಪ್ಪನ ಕೈಗೆ ಬರುತ್ತಿದ್ದದ್ದು ದುಡ್ಡಲ್ಲ, ಸಾರಾಯಿ. ಅದು ನಮ್ಮ ಎಷ್ಟು ಹೊತ್ತಿನ ಹಿಟ್ಟು ನುಂಗಿತು ಅಂತ ಅವ್ವನ್ನ ಕೇಳಬೇಕು. ಎಲ್ಲರೂ ಕುಣಿದರು. ನನ್ನ ಕಾಲು ಏಳಲಿಲ್ಲ.

ಆದರೆ ಗೆಳೆಯರೇ, ಬೈದು ಕೈ ತೊಳಕೊಳ್ಳುವುದು ವಿಮರ್ಶೆಯಲ್ಲ. ಚಂದನ್ ನಮ್ಮ ಹಾಸನ ಜಿಲ್ಲೆಯವರೇ. 2017ರಲ್ಲಿ '3 ಪೆಗ್' ಬಂತು. 2018ರ ಜನವರಿಯಲ್ಲಿ ಬಿಗ್ ಬಾಸ್ ಗೆದ್ದರು. ಆಡುಗನ್ನಡ ರ್‍ಯಾಪಿನ ಓಟಕ್ಕೆ ಒಗ್ಗುತ್ತದೆಂದು ಹಳ್ಳಿಹಳ್ಳಿಗೂ ಕೇಳಿಸಿದ್ದು ಸಣ್ಣ ಕೆಲಸವಲ್ಲ. ಪ್ರಶ್ನೆ ಇರುವುದು ಆ ಓಟದ ಮೇಲೆ ಏನನ್ನು ಹೇರಿದರು ಎಂಬುದರಲ್ಲಿ.

2020ರಲ್ಲಿ ಅವರು ಮಾದಪ್ಪನ ಜನಪದ ಹಾಡನ್ನು 'ಕೋಲುಮಂಡೆ' ಎಂದು ಹೊಸದಾಗಿ ಹಾಡಿದರು. ಸಂಕಮ್ಮನನ್ನು ತೋರಿಸಿದ ರೀತಿಗೆ ಭಕ್ತರು ಸಿಟ್ಟಾದರು. ಚಂದನ್ ಕ್ಷಮೆ ಕೇಳಿ ವಿಡಿಯೊ ಹಿಂತೆಗೆದರು. ಗದ್ದಲವೆಲ್ಲ ಸಂಕಮ್ಮನ ವೇಷದ್ದು. ಕಂಸಾಳೆಯವರು ಹಾಡುವ ಸಂಕಮ್ಮ ಯಾರು? ಶೀಲಕ್ಕೆ ಭಾಷೆ ಕೊಡು ಎಂದು ಗಂಡ ನೀಲೇಗೌಡನಿಂದ ಹಿಂಸೆ ಉಂಡ ಹೆಣ್ಣು. ಆಕೆಯ ಸಂಕಟ ನನಗೆ ಆ ವಿಡಿಯೊದಲ್ಲೂ ಕೇಳಲಿಲ್ಲ, ಗದ್ದಲದಲ್ಲೂ ಕೇಳಲಿಲ್ಲ.

'ಜನ ಕೇಳೋದೇ ಇದನ್ನ' ಅನ್ನುವವರಿದ್ದಾರೆ. ಸುಳ್ಳು. ಹಿಪ್-ಹಾಪ್ ಹುಟ್ಟಿದ್ದೇ 1970ರ ದಶಕದಲ್ಲಿ, ನ್ಯೂಯಾರ್ಕಿನ ಬ್ರಾಂಕ್ಸ್‌ನ ಬಡ ಕರಿಯರ ಬೀದಿಗಳಲ್ಲಿ. ಪಕ್ಕದ ತಮಿಳುನಾಡಿನ ಅರಿವು 2019ರ 'ತೆರುಕ್ಕುರಲ್'ನಲ್ಲಿ ಜಾತಿಯನ್ನೇ ಎದುರು ನಿಲ್ಲಿಸಿ ಮಾತಾಡಿದರು. 2021ರ 'ಎಂಜಾಯ್ ಎಂಜಾಮಿ'ಯಲ್ಲಿ ಟೀ ತೋಟದಲ್ಲಿ ದುಡಿದೂ ನೆಲವಿಲ್ಲದೆ ಉಳಿದ ಅಜ್ಜಿಯ ಬದುಕು ತಂದರು. ಕೋಟಿ ಕೋಟಿ ಜನ ಅದನ್ನೂ ಕೇಳಿದರು, ಕುಣಿದರು. ನಮ್ಮಲ್ಲೂ ಸಿದ್ಧಲಿಂಗಯ್ಯನವರ ಪದಗಳು ಪುಸ್ತಕದಿಂದ ಇಳಿದು ಮೆರವಣಿಗೆಯ ಹಾಡಾಗಲಿಲ್ಲವೇ?

ಮೊನ್ನೆ ಹೊಳೆನರಸೀಪುರದ ಹಾಸ್ಟೆಲಿನ ಹುಡುಗನೊಬ್ಬ ಮನೆಗೆ ಬಂದಿದ್ದ. 'ಅಣ್ಣಾ, ನಾನೂ ರ್‍ಯಾಪ್ ಬರ್ದಿವ್ನಿ' ಅಂದ. ಅರ್ಧ ಚಂದನ್ ನಕಲು. ಉಳಿದರ್ಧ ಅವನದೇ: ಬಾರದ ಸ್ಕಾಲರ್‌ಶಿಪ್ಪು, ಚನ್ನರಾಯಪಟ್ಟಣಕ್ಕೆ ಕೂಲಿಗೆ ಹೋಗುವ ಅವ್ವ. ಆ ಅರ್ಧಕ್ಕೆ ಬಂದಾಗ ಅಂಗಳದಲ್ಲಿ ಕೂತಿದ್ದ ನಮ್ಮಪ್ಪ ಎದ್ದು ಹೋಗಿ, ಒಲೆಯ ಮುಂದೆ ತಮಟೆ ಕಾಯಿಸತೊಡಗಿದ.

ಚಂದನ್ ಶೆಟ್ಟಿಯವರ ಓಟ ತಕ್ಕೊಳ್ಳಿ, ತಮ್ಮಂದಿರಾ. ಮಾತು ಮಾತ್ರ ಮನೆಯಿಂದ ತನ್ನಿ.