ಹೆಸರು ನೋಡಿ ಆರಿಸಿದ ಪೋಸ್ಟ್

18 ಮಿಲಿಮೀಟರ್ ದಪ್ಪದ ತೇಗದ ಹಲಗೆಯ ಮೇಲೆ ನನ್ನ ಸಿಎನ್‌ಸಿ ಯಂತ್ರದಲ್ಲಿ ಮನೆಯ ಹೆಸರು ಕೆತ್ತಬೇಕಿತ್ತು. ಹಲಗೆಯನ್ನು ಬಿಗಿದೆ. ಬಿಟ್‌ನ ಮೊನೆಯನ್ನು ಅದರ ಮೇಲ್ಮೈಗೆ ತಾಗಿಸಿ ಸೊನ್ನೆ ಹಿಡಿದೆ. ಫೈಲ್ ಓಡಿಸಿದೆ. ಮೊದಲ ಚಲನೆಯಲ್ಲೇ, ಸ್ಪಿಂಡಲ್ ಇನ್ನೂ ತಿರುಗುವ ಮುನ್ನವೇ, ಬಿಟ್ ನೇರ ಕೆಳಗಿಳಿದು ಮರಕ್ಕೆ ಒತ್ತಿ ಮುರಿಯಿತು. ವಿನ್ಯಾಸದಲ್ಲಿ ತಪ್ಪಿರಲಿಲ್ಲ, ಬಿಟ್ ಸಾಗುವ ದಾರಿಯಾದ ಟೂಲ್‌ಪಾತ್‌ನಲ್ಲಿ ತಪ್ಪಿರಲಿಲ್ಲ, ಯಂತ್ರದಲ್ಲೂ ಇರಲಿಲ್ಲ. ತಪ್ಪಿದ್ದದ್ದು ನಾನು ಒಮ್ಮೆಯೂ ತೆರೆದು ನೋಡದ ಪೋಸ್ಟ್ ಪ್ರೊಸೆಸರ್‌ನ ಒಂದು ಸೆಟ್ಟಿಂಗ್‌ನಲ್ಲಿ.

ಫ್ಯೂಷನ್, ಫ್ರೀಕ್ಯಾಡ್‌ನಂಥ ಸಾಫ್ಟ್‌ವೇರ್ ಲೆಕ್ಕ ಹಾಕುವ ಟೂಲ್‌ಪಾತ್ ಇಂಥದೇ ಯಂತ್ರದ್ದು ಎಂದಿರುವುದಿಲ್ಲ. ಅದನ್ನು ನಮ್ಮ ಕಂಟ್ರೋಲರ್‌ಗೆ ತಿಳಿಯುವ ಜಿ-ಕೋಡ್ ಆಗಿ ಬರೆದುಕೊಡುವುದು ಪೋಸ್ಟ್ ಪ್ರೊಸೆಸರ್, ಚಿಕ್ಕದಾಗಿ ಪೋಸ್ಟ್. ಜಿ-ಕೋಡ್ ಎಂದರೆ ಎಲ್ಲೆಡೆ ಒಂದೇ ಎಂದು ಹೊಸಬರು ನಂಬುತ್ತಾರೆ. ಆ ನಂಬಿಕೆ ಕಳಚಲು ಜಿ4 ಒಂದೇ ಸಾಕು. 'ಇಷ್ಟು ಹೊತ್ತು ನಿಲ್ಲು' ಎಂಬ ಈ ಆದೇಶದಲ್ಲಿ ಪಿ ಎಂಬ ಅಕ್ಷರ ಜಿಆರ್‌ಬಿಎಲ್ ಕಂಟ್ರೋಲರ್‌ನಲ್ಲಿ ಸೆಕೆಂಡು, ಮಾರ್ಲಿನ್ ಕಂಟ್ರೋಲರ್‌ನಲ್ಲಿ ಮಿಲಿಸೆಕೆಂಡು. ಪಿ2000 ಎಂದು ಬರೆದರೆ ಮಾರ್ಲಿನ್ ಯಂತ್ರ ಎರಡು ಸೆಕೆಂಡು ನಿಲ್ಲುತ್ತದೆ. ಜಿಆರ್‌ಬಿಎಲ್ ಯಂತ್ರ ಅರ್ಧ ಗಂಟೆಗೂ ಹೆಚ್ಚು ಹೊತ್ತು ಸುಮ್ಮನೆ ನಿಂತಿರುತ್ತದೆ. ಆದ್ದರಿಂದ ಪೋಸ್ಟ್ ಆರಿಸುವಾಗ ಯಂತ್ರದ ಬ್ರ್ಯಾಂಡ್‌ಗಿಂತ ಒಳಗಿನ ಕಂಟ್ರೋಲರ್ ಮುಖ್ಯ ಎಂಬ ರೂಢಿಯ ಸಲಹೆ ಸರಿಯೇ.

ಆದರೆ ಆ ಸಲಹೆ ಅರ್ಧ ದಾರಿಗೇ ನಿಲ್ಲುತ್ತದೆ. ನಾನು ಆರಿಸಿದ್ದೂ ಜಿಆರ್‌ಬಿಎಲ್ ಪೋಸ್ಟನ್ನೇ. ಅದು ಬರೆದುಕೊಟ್ಟ ಫೈಲಿನ ಮೇಲ್ಭಾಗದಲ್ಲಿ 'ಜಿ28 ಜಿ91 ಝಡ್0' ಎಂಬ ಸಾಲಿತ್ತು. ಝಡ್ ಅಕ್ಷವನ್ನು ಹೋಮ್ ಜಾಗಕ್ಕೆ ಒಯ್ಯು ಎಂದು ಅದರ ಅರ್ಥ. ಪೀಣ್ಯದ ವರ್ಕ್‌ಶಾಪಿನ ವಿಎಂಸಿಯಂಥ ಕಾರ್ಖಾನೆ ಯಂತ್ರಕ್ಕೆ ತನ್ನ ಹೋಮ್ ಎಲ್ಲಿದೆ ಎಂದು ಗೊತ್ತಿರುತ್ತದೆ. ಅಲ್ಲಿ ಈ ಸಾಲು ಬಿಟ್ಟನ್ನು ಮೇಲಕ್ಕೆತ್ತಿ ಜಾಬನ್ನು ಕಾಯುತ್ತದೆ. ನನ್ನದು 3018 ಎಂಬ ಮನೆಬಳಕೆಯ ಚಿಕ್ಕ ಯಂತ್ರ; ಅಕ್ಷ ತುದಿ ಮುಟ್ಟಿತೆಂದು ತಿಳಿಸುವ ಲಿಮಿಟ್ ಸ್ವಿಚ್ ಅದಕ್ಕಿಲ್ಲ. ಬೇರೆ ಜಾಗ ಉಳಿಸಿಟ್ಟಿಲ್ಲದಿದ್ದರೆ, ಪವರ್ ಕೊಟ್ಟಾಗ ಬಿಟ್ ಎಲ್ಲಿತ್ತೋ ಅದೇ ಅದಕ್ಕೆ ಹೋಮ್. ಅಂದು ಬೆಳಿಗ್ಗೆ ಪವರ್ ಕೊಟ್ಟಾಗ ಬಿಟ್ ಬೆಡ್‌ಗೆ ತಾಗುವಷ್ಟು ಕೆಳಗಿತ್ತು. ಯಂತ್ರ ಅಲ್ಲಿಗೇ ಹೊರಟಿತು. ನಡುವೆ ತೇಗವಿತ್ತು.

ನನ್ನ ಮುಖ್ಯ ತಕರಾರು ಇರುವುದು ಇಲ್ಲೇ. ಪೋಸ್ಟ್‌ನ ಹೆಸರು ಕಂಟ್ರೋಲರ್‌ನ ವ್ಯಾಕರಣವನ್ನಷ್ಟೇ ಹೇಳುತ್ತದೆ. ನಮ್ಮ ಯಂತ್ರಕ್ಕೆ ಏನಿದೆ, ಏನಿಲ್ಲ ಎಂಬುದನ್ನು ಪೋಸ್ಟ್‌ಗೆ ನಾವೇ ಹೇಳಬೇಕು. ಹಾಗೆ ಹೇಳದಿದ್ದರೆ ಅದು ಕಾರ್ಖಾನೆಯ ಯಂತ್ರವೊಂದನ್ನು ಊಹಿಸಿಕೊಂಡು ಬರೆಯುತ್ತದೆ. ಮನೆಯ ಯಂತ್ರಗಳಿಗೆಂದು ಕೊಡುವ ಪೋಸ್ಟ್ ಜಿ28ರಿಂದ ಶುರುವಾಗಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಹಲಗೆಯಿಂದ ಇಷ್ಟು ಎತ್ತರಕ್ಕೆ ಏಳು ಎನ್ನುವ ಕ್ಲಿಯರೆನ್ಸ್ ಹೈಟ್ ಆಯ್ಕೆಯೇ ಮೂಲ ಸೆಟ್ಟಿಂಗ್ ಆಗಿರಬೇಕು. ಸ್ವಿಚ್ ಇರುವವರು ಬೇಕಿದ್ದರೆ ಬದಲಿಸಿಕೊಳ್ಳಲಿ.

ಈ ಅಳತೆಗೋಲಿನಿಂದ ಎರಡು ಸಾಫ್ಟ್‌ವೇರ್‌ಗಳನ್ನು ನೋಡಬಹುದು. ಫ್ಯೂಷನ್‌ನ ಪೋಸ್ಟ್‌ಗಳು ಜಾವಾಸ್ಕ್ರಿಪ್ಟ್‌ನಲ್ಲಿವೆ. ಕೋಡ್ ಮುಟ್ಟದೆಯೇ ಪ್ರಾಪರ್ಟಿಗಳ ಪಟ್ಟಿಯಲ್ಲಿ ಜಿ28, ಜಿ53, ಕ್ಲಿಯರೆನ್ಸ್ ಹೈಟ್ ಇವುಗಳಲ್ಲಿ ಒಂದನ್ನು ಆರಿಸಬಹುದು. ಇದು ದೊಡ್ಡ ಅನುಕೂಲ. ಆದರೆ 2020ರಿಂದ ಉಚಿತ ವೈಯಕ್ತಿಕ ಆವೃತ್ತಿಯಲ್ಲಿ ರ‍್ಯಾಪಿಡ್ ಚಲನೆ ಸಿಗುವುದಿಲ್ಲ. ಬಿಟ್ ಗಾಳಿಯಲ್ಲಿ ಸಾಗುವಾಗಲೂ ಕೊರೆಯುವಾಗಿನ ಫೀಡ್ ವೇಗದಲ್ಲೇ ತೆವಳುತ್ತದೆ. ಫ್ರೀಕ್ಯಾಡ್‌ನಲ್ಲಿ ಆ ನಿರ್ಬಂಧವಿಲ್ಲ. ಅದರ ಪೋಸ್ಟ್‌ಗಳು ಪೈಥಾನ್‌ನಲ್ಲಿವೆ, ಯಾರಾದರೂ ಓದಬಹುದು. ಆದರೆ ಸೆಟ್ಟಿಂಗ್‌ಗಳನ್ನು ಆದೇಶಗಳ ರೂಪದಲ್ಲಿ ಟೈಪ್ ಮಾಡಬೇಕು. ಉದಾಹರಣೆಗೆ, ಜಿ81, ಜಿ83ರಂಥ ಡ್ರಿಲ್ ಸೈಕಲ್‌ಗಳು ಜಿಆರ್‌ಬಿಎಲ್‌ಗೆ ಗೊತ್ತಿಲ್ಲ. ಅವನ್ನು ಸಾಮಾನ್ಯ ಏರಿಳಿತಗಳಾಗಿ ಒಡೆದು ಬರೆಯುವ ಸೌಲಭ್ಯ ಫ್ರೀಕ್ಯಾಡ್‌ನ ಜಿಆರ್‌ಬಿಎಲ್ ಪೋಸ್ಟ್‌ನಲ್ಲಿದೆ, ಆದರೆ ನಾವು ಕೇಳಬೇಕು. ಹೊಸಬರಿಗೆ ಫ್ಯೂಷನ್ ಸುಲಭ. ಒಳಗೇನಿದೆ ಎಂದು ತಿಳಿಯಬಯಸುವವರಿಗೆ ಫ್ರೀಕ್ಯಾಡ್ ಒಳ್ಳೆಯ ಗುರು.

ಫೈಲ್ ಬಂದಮೇಲೆ ಬೇಡದ ಸಾಲುಗಳನ್ನು ಕೈಯಿಂದ ಅಳಿಸುವ ರೂಢಿಯೂ ಇದೆ. ನಾನೂ ಕೆಲ ತಿಂಗಳು ಹಾಗೇ ಮಾಡಿದೆ. ಅದು ಕೆಟ್ಟ ಅಭ್ಯಾಸ. ಹತ್ತು ಸಲ ನೆನಪಿಟ್ಟು ಅಳಿಸಿದವರು ಹನ್ನೊಂದನೆಯ ಸಲ ಮರೆಯುತ್ತಾರೆ. ಜಿಆರ್‌ಬಿಎಲ್ 1.1ಕ್ಕೆ ಟೂಲ್ ಬದಲಿಸುವ ಎಂ6 ತಿಳಿಯದು, 'ಎರರ್ 20' ಎನ್ನುತ್ತದೆ. ಆ ಸಾಲನ್ನು ಸುಮ್ಮನೆ ಅಳಿಸಿದರೆ ಎರಡನೆಯ ಬಿಟ್‌ನ ಕೆಲಸವನ್ನೂ ಮೊದಲನೆಯ ಬಿಟ್ಟೇ ಮಾಡಲು ಹೊರಡುತ್ತದೆ. ಪ್ರತಿ ಬಿಟ್‌ಗೂ ಬೇರೆ ಫೈಲ್ ಬರೆಯುವಂತೆ ಸೆಟ್ಟಿಂಗ್‌ನಲ್ಲೇ ಹೇಳುವುದು ಸರಿಯಾದ ದಾರಿ. ಕೋಡನ್ನೇ ತಿದ್ದಬೇಕಾದರೆ ಪೋಸ್ಟ್‌ನ ಪ್ರತಿ ಮಾಡಿಕೊಂಡು ತಿದ್ದಿ, ಏನು ಬದಲಿಸಿದೆವು, ಏಕೆ ಎಂದು ಅದರೊಳಗೇ ಬರೆದಿಡಬೇಕು.

ಹೊಸ ಪೋಸ್ಟನ್ನು ನಾನೀಗ ಒಂದು ಚೌಕ, ಒಂದು ವೃತ್ತ, ಎರಡು ತೂತು ಇರುವ ಚಿಕ್ಕ ಜಾಬ್‌ನಿಂದ ಪರೀಕ್ಷಿಸುತ್ತೇನೆ. ವೃತ್ತ ಸರಿಬಂದರೆ ಆರ್ಕ್‌ಗಳು ಸರಿ; ತೂತು ಸರಿಬಂದರೆ ಡ್ರಿಲ್ ಸರಿ. ಓಡಿಸುವ ಮುನ್ನ ಮೊದಲ ಹತ್ತು ಸಾಲು, ಕೊನೆಯ ಐದು ಸಾಲು ಓದುತ್ತೇನೆ. ಹಲಗೆ ಬಿಗಿಯದೆ ಒಮ್ಮೆ ಗಾಳಿಯಲ್ಲಿ ಓಡಿಸುತ್ತೇನೆ. ಇಷ್ಟಕ್ಕೆ ಹೆಚ್ಚೆಂದರೆ ಅರ್ಧ ಗಂಟೆ ಹಿಡಿಯುತ್ತದೆ.

"ನಿಮ್ಮ ಪೋಸ್ಟ್ ಚೆನ್ನಾಗಿ ಓಡ್ತಿದೆಯಲ್ಲ, ಅದನ್ನೇ ನನಗೂ ಕಳಿಸಿ ಸಾರ್" ಎಂದು ಗೆಳೆಯರು ಕೇಳುತ್ತಾರೆ. ಕಳಿಸುತ್ತೇನೆ. ಅದಕ್ಕೆ ಮೊದಲು ಒಂದು ಮಾತು ಕೇಳುತ್ತೇನೆ: "ನಿಮ್ಮ ಯಂತ್ರಕ್ಕೆ ಲಿಮಿಟ್ ಸ್ವಿಚ್ ಇದೆಯೇ?"