ಚಳಿಗಾಲದ ಹಬ್ಬಗಳೂ ಗಾದೆಯ ರಸವೂ

ಗಾದೆಗಳನ್ನು ಗ್ರಾಮ್ಯವೆಂದು ತಳ್ಳುವ ಪಂಡಿತರಲ್ಲಿ ನಾನೂ ಒಬ್ಬನಾಗಿದ್ದೆನು. ‘ಶಿವರಾತ್ರಿಗೆ ಚಳಿ ಶಿವಶಿವಾ ಎಂದು ಓಡಿಹೋಯಿತು’ ಎಂದು ಬರೆದ ಹುಡುಗನ ಪ್ರಬಂಧಕ್ಕೆ ಕೆಂಪು ಗೀಟೆಳೆದವನು ನಾನೇ. ಅದು ಅನ್ಯಾಯವೆಂದು ಈಗ ತೋರುತ್ತದೆ. ಅಚೇತನವಾದ ಚಳಿಗೆ ಕಾಲನ್ನೂ ಬಾಯನ್ನೂ ಕೊಟ್ಟು, ಹಬ್ಬದ ಹೆಸರಿನಿಂದಲೇ ಅದರ ಉದ್ಗಾರವನ್ನು ಹೊರಡಿಸಿದ ಈ ಚಮತ್ಕಾರವು ಎಷ್ಟು ಮಂದಿ ಕವಿಗಳಿಗೆ ಸಾಧ್ಯ? ಮೇಲಾಗಿ ಮಾತು ನಿಜವಾದುದು. ಸೂರ್ಯನು ಡಿಸೆಂಬರ್ 22ರ ಸುಮಾರಿಗೇ ಉತ್ತರಕ್ಕೆ ತಿರುಗುವನು. ಅಯನಚಲನದ ದೆಸೆಯಿಂದ ನಾವು ಉತ್ತರಾಯಣವನ್ನು ಜನವರಿ 14 ಅಥವಾ 15ರ ಸಂಕ್ರಾಂತಿಯಂದು ಆಚರಿಸುವೆವು. ಗಾದೆಯಾದರೋ ಎರಡನ್ನೂ ಬಿಟ್ಟು ಮೈಯ ಸಾಕ್ಷಿಯನ್ನೇ ನಂಬಿದೆ.

ಎಳ್ಳಮಾವಾಸ್ಯೆಯಂದು ನಮ್ಮ ಖಟಕ ಚಿಂಚೋಳಿಯ ಕಡೆ ಹೊಲದಲ್ಲಿ ಐದು ಕಲ್ಲುಗಳನ್ನಿಟ್ಟು ಪಾಂಡವರೆಂದು ಪೂಜಿಸಿ, ಚರಗ ಚೆಲ್ಲಿ, ಭಜ್ಜಿ ಅಂಬಲಿಗಳನ್ನು ಉಣ್ಣುವರು. ದುರ್ಯೋಧನನು ಐದು ಊರುಗಳನ್ನೂ ಕೊಡಲೊಲ್ಲದವರಿಗೆ ನಮ್ಮ ಒಕ್ಕಲಿಗನು ಹೊಲಹೊಲದಲ್ಲಿಯೂ ಜಾಗ ಕೊಟ್ಟಿದ್ದಾನೆ! ಈ ಆಚಾರದ ಹಾಸ್ಯವನ್ನು ಬಲ್ಲವರೇ ಅದರ ಭಕ್ತಿಯನ್ನೂ ಬಲ್ಲರು.

‘ಹಬ್ಬದ ದಿನವೂ ಹಳೆಯ ಗಂಡನೇ’ ಎಂಬ ಗಾದೆಯನ್ನು ಹುಡುಗರೆದುರು ಹೇಳಲು ನನಗೆ ಈಗಲೂ ಬಾಯಿ ಬಾರದು. ಹೊಲದಲ್ಲಿ ಬುತ್ತಿ ಬಿಚ್ಚುವಾಗ ಹೆಂಗಸರು ಅದನ್ನಾಡಿ ನಕ್ಕರು; ನಮ್ಮ ಮನೆಯವರೂ ನಕ್ಕರು. ಆ ಗಾದೆಗೆ ಟೀಕೆ ಬರೆಯುವ ಧೈರ್ಯವಿಲ್ಲದೆ ನಾನು ಭಜ್ಜಿಯನ್ನು ಇನ್ನೊಮ್ಮೆ ಬಡಿಸಿಕೊಂಡೆನು.