ಕಾಣುವ ಉಕ್ಕು, ಕಾಣದ ಉಕ್ಕು: ಉತ್ತರ ಬೆಂಗಳೂರಿನ ಕಟ್ಟೋಣದ ಒಂದು ವಿಮರ್ಶೆ

ಉತ್ತರ ಬೆಂಗಳೂರಿನಲ್ಲಿ ಅತ್ಯಂತ ಹೆಚ್ಚು ಚರ್ಚೆಗೆ ಒಳಗಾದ ಉಕ್ಕಿನ ರಚನೆಯೆಂದರೆ ಕಟ್ಟದೇ ಉಳಿದ ಒಂದು ಸೇತುವೆ. ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಬಳ್ಳಾರಿ ರಸ್ತೆಯ ಮೇಲೆ ಸುಮಾರು 6.7 ಕಿ.ಮೀ. ಉದ್ದಕ್ಕೆ ಹಾಯಬೇಕಿದ್ದ ಈ ಮೇಲ್ಸೇತುವೆಗೆ 2016ರಲ್ಲಿ ರಾಜ್ಯ ಸಚಿವ ಸಂಪುಟದ ಒಪ್ಪಿಗೆ ದೊರೆಯಿತು. ಅಂದಾಜು ವೆಚ್ಚ 1,791 ಕೋಟಿ ರೂಪಾಯಿ. ಕಡಿಯಬೇಕಾಗಿದ್ದ ಮರಗಳು 812. ಅದೇ ವರ್ಷದ ಅಕ್ಟೋಬರ್ 16ರಂದು ನಾಗರಿಕರು ರಸ್ತೆಯುದ್ದಕ್ಕೂ ಮಾನವ ಸರಪಳಿ ರಚಿಸಿದರು. ತಿಂಗಳು ಮುಗಿಯುವ ಮುನ್ನವೇ ರಾಷ್ಟ್ರೀಯ ಹಸಿರು ನ್ಯಾಯಾಧಿಕರಣದ ತಡೆಯಾಜ್ಞೆ ಬಂದಿತು. 2017ರ ಮಾರ್ಚ್‌ನಲ್ಲಿ ಸರ್ಕಾರ ಯೋಜನೆಯನ್ನು ಕೈಬಿಟ್ಟಿತು.

ಈ ಪ್ರಕರಣವನ್ನು ಪರಿಸರ ಮತ್ತು ಆಡಳಿತದ ದೃಷ್ಟಿಯಿಂದ ಸಾಕಷ್ಟು ಪರಿಶೀಲಿಸಲಾಗಿದೆ. ಆದರೆ ವಾದದ ಎರಡೂ ಕಡೆಗಳಲ್ಲಿ ಉಕ್ಕೆಂಬ ವಸ್ತುವಿಗೆ ದೊರೆತ ಅರ್ಥ ಯಾವುದು ಎಂಬ ಪ್ರಶ್ನೆ ಹಾಗೆಯೇ ಉಳಿದಿದೆ. ಚಳವಳಿಯ ಘೋಷಣೆ ‘ಸ್ಟೀಲ್ ಫ್ಲೈಓವರ್ ಬೇಡ’ ಎಂಬುದಾಗಿತ್ತು. ದಕ್ಷಿಣ ಭಾರತದ ಹದವಾದ ಲೋಹವನ್ನು ಹದಿನೆಂಟನೆಯ ಶತಮಾನದ ಕೊನೆಯಲ್ಲಿ ಐರೋಪ್ಯ ವಿಜ್ಞಾನಿಗಳು ‘ವೂಟ್ಜ್’ ಎಂದು ಕರೆದರು. ಆ ಹೆಸರಿನ ಮೂಲ ನಮ್ಮ ‘ಉಕ್ಕು’ ಎಂದೇ ಅನೇಕ ವಿದ್ವಾಂಸರು ಭಾವಿಸುತ್ತಾರೆ. ಲೋಕಕ್ಕೆ ಆ ಪದವನ್ನು ಕೊಟ್ಟ ಭಾಷೆಯ ಬೀದಿಯಲ್ಲಿ ಪ್ರತಿಭಟನೆಯ ಮಾತಿಗೆ ‘ಸ್ಟೀಲ್’ ಎಂಬುದೇ ಒದಗಿತು. ಕನ್ನಡದ ಮನೆಗಳಲ್ಲಿ ಸ್ಟೀಲ್ ಎಂದರೆ ಲೋಟ, ತಟ್ಟೆ, ಡಬರಿ. ಅದು ಸೇತುವೆಯಾದಾಗ ಪರಕೀಯವೆನಿಸಿದ್ದರಲ್ಲಿ ಆಶ್ಚರ್ಯವಿಲ್ಲ.

ಯೋಜನೆಯ ಸಮರ್ಥಕರ ಮುಖ್ಯ ವಾದ ವೇಗದ್ದು. ಕಾರ್ಖಾನೆಯಲ್ಲಿ ಸಿದ್ಧವಾದ ತೊಲೆಗಳನ್ನು ತಂದು ಜೋಡಿಸಿದರೆ ರಸ್ತೆಯ ಮೇಲಿನ ಕೆಲಸ ಬೇಗ ಮುಗಿಯುತ್ತದೆ ಎಂಬುದು ತಾಂತ್ರಿಕವಾಗಿ ಸರಿಯಾದುದೇ. ಆದರೆ ಅರ್ಧ ಕಿಲೋಮೀಟರಿನಷ್ಟೂ ಉದ್ದವಿಲ್ಲದ ಶಿವಾನಂದ ವೃತ್ತದ ಉಕ್ಕಿನ ಮೇಲ್ಸೇತುವೆ 2017ರಲ್ಲಿ ಆರಂಭವಾಗಿ ಸಂಚಾರಕ್ಕೆ ತೆರೆದುಕೊಂಡದ್ದು 2022ರಲ್ಲಿ. ತಡವಾದದ್ದು ಲೋಹದ ಗುಣದಿಂದಲ್ಲ. ಭೂಮಿ, ವಿನ್ಯಾಸ, ತಕರಾರುಗಳಿಂದ. ಆದುದರಿಂದ ವೇಗವನ್ನು ಉಕ್ಕಿನ ಸಹಜ ಗುಣವೆಂಬಂತೆ ಮುಂದಿಟ್ಟ ವಾದ ದುರ್ಬಲವಾದುದೆಂದೇ ಹೇಳಬೇಕು. ವಿರೋಧಿಗಳ ವಾದದಲ್ಲಿಯೂ ಒಂದು ಸಡಿಲವಿತ್ತು. ಮರಗಳಿಗೆ ಕುತ್ತು ತಂದದ್ದು ರಸ್ತೆಯ ಅಗಲವೇ ಹೊರತು ತೊಲೆಯ ಲೋಹವಲ್ಲ. ಅದೇ ಅಗಲದ ಕಾಂಕ್ರೀಟಿನ ಸೇತುವೆ ಆ ಮರಗಳನ್ನು ಉಳಿಸುತ್ತಿತ್ತೆಂದು ನಂಬಲು ಕಾರಣವಿಲ್ಲ. ಹೆಬ್ಬಾಳದಲ್ಲಿ 2003ರಿಂದ ನಿಂತಿರುವ ಮೇಲ್ಸೇತುವೆಯನ್ನು ಯಾರೂ ಉಕ್ಕಿನದೆಂದು ಕರೆಯುವುದಿಲ್ಲ. ಆದರೂ ಅದರ ಕಾಂಕ್ರೀಟು ಒತ್ತಡವನ್ನು ತಾಳಿದರೆ ಎಳೆತವನ್ನು ತಾಳುವುದು ಒಳಗಿನ ಉಕ್ಕೇ.

ಮರೆಮಾಚುವಿಕೆಯ ಇನ್ನೊಂದು ನಿದರ್ಶನ ಅದೇ ರಸ್ತೆಯ ಉತ್ತರ ತುದಿಯಲ್ಲಿದೆ. 2022ರ ನವೆಂಬರ್‌ನಲ್ಲಿ ಉದ್ಘಾಟನೆಗೊಂಡ ಕೆಂಪೇಗೌಡ ಅಂತರರಾಷ್ಟ್ರೀಯ ವಿಮಾನ ನಿಲ್ದಾಣದ ಎರಡನೆಯ ಟರ್ಮಿನಲ್ಲಿನಲ್ಲಿ ಭಾರ ಹೊರುವುದು ಉಕ್ಕು, ಕಣ್ಣಿಗೆ ಬೀಳುವುದು ಸಂಸ್ಕರಿಸಿದ ಬಿದಿರು. ‘ಉದ್ಯಾನದಲ್ಲೊಂದು ಟರ್ಮಿನಲ್’ ಎಂಬ ಕಲ್ಪನೆಗೆ ಇದು ಹೊಂದುತ್ತದೆ, ನೋಡಲು ಸೊಗಸಾಗಿಯೂ ಇದೆ. ಆದರೆ 1889ರಲ್ಲಿ ಅಡಿಗಲ್ಲು ಹಾಕಿದ ಲಾಲ್‌ಬಾಗಿನ ಗಾಜಿನ ಮನೆಯೂ ಉದ್ಯಾನದಲ್ಲಿಯೇ ಇದೆ. ಅಲ್ಲಿ ಎರಕದ ಕಬ್ಬಿಣ ತನ್ನ ಕಂಬ, ಕಮಾನುಗಳನ್ನು ಬಚ್ಚಿಡದೆ ಗಿಡಗಳ ನಡುವೆ ನಿಂತಿದೆ. ಅದರ ಚೆಲುವು ಹುಟ್ಟಿರುವುದೇ ಆ ತೆಳುವಿನಿಂದ. ಬಿದಿರಿನ ಹೊದಿಕೆಯ ಕಂಬ ಎಷ್ಟು ಭಾರ ಹೊತ್ತಿದೆ, ಹೇಗೆ ಹೊತ್ತಿದೆ ಎಂಬುದು ನೋಡುಗನಿಗೆ ತಿಳಿಯುವಂತಿಲ್ಲ. ವಾಸ್ತುವಿನ ದೃಷ್ಟಿಯಿಂದ ಇದೊಂದು ಕೊರತೆ.

ಈ ಎರಡು ತುದಿಗಳ ನಡುವೆ, ಯಲಹಂಕದಲ್ಲಿ, ಉಕ್ಕು ನಿಜಕ್ಕೂ ಕರಗುವ ಸ್ಥಳವೊಂದಿದೆ. 1984ರಲ್ಲಿ ಇಂದಿರಾ ಗಾಂಧಿಯವರಿಂದ ರಾಷ್ಟ್ರಕ್ಕೆ ಸಮರ್ಪಿತವಾದ ಗಾಲಿ ಮತ್ತು ಅಚ್ಚು ಕಾರ್ಖಾನೆ, ಇಂದಿನ ರೈಲು ಗಾಲಿ ಕಾರ್ಖಾನೆ, ಆಮದಿನ ಮೇಲಿನ ಅವಲಂಬನೆಯನ್ನು ತಗ್ಗಿಸಲೆಂದು ಹುಟ್ಟಿದ್ದು. ಇಲ್ಲಿನ ಕಚ್ಚಾವಸ್ತು ಮುಖ್ಯವಾಗಿ ರೈಲ್ವೆಯದೇ ಗುಜರಿ: ಸವೆದ ಗಾಲಿ, ಮುರಿದ ಅಚ್ಚು, ಹಳೆಯ ಕಂಬಿ. ವಿದ್ಯುತ್ ಕುಲುಮೆಯಲ್ಲಿ ಅದನ್ನು ಕರಗಿಸಿ, ದ್ರವಲೋಹದ ಪಾತ್ರೆಯನ್ನು ಗಾಳಿಯಾಡದ ತೊಟ್ಟಿಯಲ್ಲಿಟ್ಟು ವಾಯುವಿನ ಒತ್ತಡ ಕೊಡುತ್ತಾರೆ. ಆಗ ಲೋಹ ಕೊಳವೆಯ ಮೂಲಕ ಕೆಳಗಿನಿಂದ ಮೇಲೇರಿ ಗ್ರಾಫೈಟಿನ ಅಚ್ಚನ್ನು ತುಂಬುತ್ತದೆ. ಮೇಲಿನಿಂದ ಸುರಿಯುವ ಎರಕಕ್ಕಿಂತ ಇದು ಪ್ರಶಾಂತವಾದುದು. ಗುಳ್ಳೆ, ಕಲ್ಮಷಗಳು ಕಡಮೆ. ಶಾಖೋಪಚಾರ ಮತ್ತು ಶ್ರವಣಾತೀತ ತರಂಗಗಳ ಪರೀಕ್ಷೆಯನ್ನು ದಾಟದ ಗಾಲಿ ಮತ್ತೆ ಕುಲುಮೆಗೇ ಹೋಗಬಲ್ಲದು.

ಒಡೆದ ಕಾಂಕ್ರೀಟಿಗೆ ಇಂಥ ಮರುಹುಟ್ಟು ಇಲ್ಲ. ಅದು ಬಹುಮಟ್ಟಿಗೆ ಜಲ್ಲಿಯಾಗಿ ತಗ್ಗು ತುಂಬುತ್ತದೆ. 2016ರ ವಾದದಲ್ಲಿ ಉಕ್ಕಿನ ಪರವಾಗಿ ಹೇಳಬಹುದಾಗಿದ್ದ ಅತ್ಯಂತ ಗಟ್ಟಿಯಾದ ಮಾತು ಇದೇ ಆಗಿತ್ತು. ಅದರ ಸಾಕ್ಷ್ಯ ಸೇತುವೆ ಮುಗಿಯಬೇಕಿದ್ದ ಹೆಬ್ಬಾಳದಿಂದ ಕೆಲವೇ ಕಿಲೋಮೀಟರುಗಳಾಚೆ, ಕುಲುಮೆಯ ಅಂಗಳದಲ್ಲಿ ಸವೆದ ಗಾಲಿಗಳ ರಾಶಿಯಾಗಿ ಬಿದ್ದಿತ್ತು.